ಛತ್ರ ತುಂಬಿದರೂ ಕೈಕೊಡದ ವೈರ್‌ಲೆಸ್ ಪ್ರೊಜೆಕ್ಟರ್: ನನ್ನ ಅನುಭವ

"ಮದುವೆ ಮನೆಯಲ್ಲಿ ವೈರ್‌ಲೆಸ್ ನಂಬಬೇಡ, ಎಚ್‌ಡಿಎಂಐ ಕೇಬಲ್ ಎಳೆದುಬಿಡು." ದಾವಣಗೆರೆ ಸುತ್ತಮುತ್ತ ಪ್ರೊಜೆಕ್ಟರ್ ಬಾಡಿಗೆಗೆ ಕೊಡುವವರೆಲ್ಲ ಹೇಳುವ ಮಾತು ಇದು. ಕಳೆದ ಸೀಸನ್ ಪೂರ್ತಿ ನಾನು ವೇದಿಕೆಗೆ ಒಂದೂ ಎಚ್‌ಡಿಎಂಐ ಎಳೆದಿಲ್ಲ. ಬೇಡ ಅಂದವರೇ ಈಗ ಫೋನ್ ಮಾಡಿ ಹೇಗೆ ಅಂತ ಕೇಳುತ್ತಿದ್ದಾರೆ.

ಮೊದಲು ದುಡ್ಡು ಹೋದ ಲೆಕ್ಕ. ಲ್ಯಾಪ್‌ಟಾಪ್ ಪರದೆಯನ್ನು ತಂತಿಯಿಲ್ಲದೆ ಪ್ರೊಜೆಕ್ಟರ್‌ಗೆ ಕಳಿಸುವ, ಒಂದೂವರೆ ಸಾವಿರದ ಆಸುಪಾಸಿನ ಮಿರಾಕಾಸ್ಟ್ ಡಾಂಗಲ್ ತಂದೆ. ಬೆಳಿಗ್ಗೆ ಖಾಲಿ ಹಾಲ್‌ನಲ್ಲಿ ಚೆನ್ನಾಗಿ ಓಡಿತು. ಆರತಕ್ಷತೆಗೆ ಜನ ಸೇರುತ್ತಿದ್ದಂತೆ ಚಿತ್ರ ಚೌಕ ಚೌಕವಾಗಿ ಒಡೆಯಿತು, ಆಮೇಲೆ ಪರದೆ ಪೂರ್ತಿ ಕಪ್ಪು. ಆ ಡಾಂಗಲ್ ಕೆಲಸ ಮಾಡುವುದು 2.4 ಗಿಗಾಹರ್ಟ್ಸ್ ವೈಫೈ ಬ್ಯಾಂಡ್‌ನಲ್ಲಿ ಮಾತ್ರ. ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ: 1, 6, 11. ಐನೂರು ಜನ ಬಂದರೆ ಎಷ್ಟೋ ಫೋನ್, ಹಾಟ್‌ಸ್ಪಾಟ್, ಬ್ಲೂಟೂತ್ ಅಲ್ಲೇ ಬಂದು ಸೇರುತ್ತವೆ. ಸಾಲದ್ದಕ್ಕೆ ಜನರ ಮೈ ಕೂಡ ಸಿಗ್ನಲ್ ಕುಡಿಯುತ್ತದೆ. ಖಾಲಿ ಹಾಲ್‌ನ ಟೆಸ್ಟಿಂಗ್‌ಗೆ ಬೆಲೆಯೇ ಇಲ್ಲ. ಡಾಂಗಲ್‌ಗೆ ಪ್ರೊಜೆಕ್ಟರ್‌ನ ಯುಎಸ್‌ಬಿಯಿಂದ ಪವರ್ ಕೊಟ್ಟರೆ ಇನ್ನೊಂದು ಕಾಟ. ಕೆಲವು ಪ್ರೊಜೆಕ್ಟರ್ ಅರ್ಧ ಆಂಪಿಯರ್‌ಗಿಂತ ಜಾಸ್ತಿ ಕೊಡುವುದಿಲ್ಲ, ಡಾಂಗಲ್ ನಡುವೆ ತಾನಾಗಿ ರೀಸ್ಟಾರ್ಟ್ ಆಗುತ್ತದೆ.

ಆಮೇಲೆ ಒಂಬತ್ತು ಸಾವಿರದ ಹತ್ತಿರ ಕೊಟ್ಟು ವೈರ್‌ಲೆಸ್ ಎಚ್‌ಡಿಎಂಐ ಕಿಟ್ ತಂದೆ. ಎದುರಿಗೆ ಹೂವಿನ ಕಮಾನು ನಿಲ್ಲಿಸಿ, ಅದರ ಮುಂದೆ ಜನ ಸಾಲುಗಟ್ಟಿದರೆ ಅದೂ ತಡವರಿಸಿತು. ಅರ್ಧ ಬೆಲೆಗೆ ಮಾರಿದೆ. ಛತ್ರದ ವೈಫೈಗೇ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಎರಡನ್ನೂ ಸೇರಿಸಿ ನೋಡಿದೆ. ಲ್ಯಾಪ್‌ಟಾಪ್‌ನಲ್ಲೂ ಪ್ರೊಜೆಕ್ಟರ್‌ನಲ್ಲೂ ಸಿಗ್ನಲ್ ಪೂರ್ತಿ, ಆದರೆ ಪ್ರೊಜೆಕ್ಟರ್ ಹೆಸರೇ ಕಾಣಿಸದು! ಗೆಸ್ಟ್ ವೈಫೈಯಲ್ಲಿ ಒಬ್ಬರ ಸಾಧನ ಇನ್ನೊಬ್ಬರಿಗೆ ಕಾಣದ ಹಾಗೆ ತಡೆ ಹಾಕಿರುತ್ತಾರೆ.

ಕೊನೆಗೆ ಕೈಹಿಡಿದದ್ದು ಎರಡೂವರೆ ಸಾವಿರದ ನನ್ನದೇ ರೂಟರ್. ಇಂಟರ್ನೆಟ್ ಬೇಕಾಗಿಲ್ಲ. ಪ್ರೊಜೆಕ್ಟರ್‌ಗೆ ವೈಫೈ ಕೊಡುವುದಿಲ್ಲ, ಪಕ್ಕದಲ್ಲೇ ರೂಟರ್ ಕಟ್ಟಿ ಗೇಣುದ್ದದ ಲ್ಯಾನ್ ಕೇಬಲ್ ಹಾಕುತ್ತೇನೆ. ಲ್ಯಾಪ್‌ಟಾಪ್ ಮಾತ್ರ 5 ಗಿಗಾಹರ್ಟ್ಸ್‌ನಲ್ಲಿ ಸೇರುತ್ತದೆ. "ಮತ್ತೆ ಕೇಬಲ್ ಬಂತಲ್ಲ" ಅಂದರು ಕೆಲವರು. ಎರಡೂ ವೈಫೈಯಲ್ಲಿದ್ದರೆ ಪ್ರತಿ ಫ್ರೇಮ್ ಗಾಳಿಯಲ್ಲಿ ಎರಡು ಸಲ ಹೋಗಬೇಕು: ಲ್ಯಾಪ್‌ಟಾಪ್‌ನಿಂದ ರೂಟರ್‌ಗೆ, ಅಲ್ಲಿಂದ ಪ್ರೊಜೆಕ್ಟರ್‌ಗೆ. ಗೇಣುದ್ದದ ತಂತಿ ಆ ಹೊರೆಯನ್ನು ಅರ್ಧ ಮಾಡುತ್ತದೆ. ಇಡೀ ಕೆಲಸದ ಜೀವ ಅಲ್ಲೇ ಇದೆ.

ರೂಟರ್‌ನಲ್ಲಿ 5 ಗಿಗಾಹರ್ಟ್ಸ್‌ಗೆ ಇಡುವ ಚಾನೆಲ್ 36ರಿಂದ 48, ಇಲ್ಲವೇ 149ರಿಂದ 161. ನಡುವಿನ 52ರಿಂದ 144 ಬೇಡ. ಅಲ್ಲಿ ರಾಡಾರ್ ಸುಳಿವು ಸಿಕ್ಕರೆ ರೂಟರ್ ಚಾನೆಲ್ ಬಿಟ್ಟು ಓಡಲೇಬೇಕು. ಮುಹೂರ್ತದ ಹೊತ್ತಿಗೆ ಹಾಗಾದರೆ ಗತಿಯೇನು, ಅಲ್ವಾ? ಚಾನೆಲ್ ಅಗಲ 40 ಮೆಗಾಹರ್ಟ್ಸ್ ಸಾಕು. ರೂಟರ್ ಎಷ್ಟು ಎತ್ತರದಲ್ಲಿ, ಯಾವ ಕಡೆಗೆ ಕಟ್ಟುತ್ತೇನೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ. ಅದು ಹೊಟ್ಟೆಪಾಡಿನ ವಿಷಯ.

ನನ್ನದು ಎಪ್ಸನ್, ಹಾಗಾಗಿ ಪರದೆ ಕಳಿಸಲು ಅವರದೇ ಐಪ್ರೊಜೆಕ್ಷನ್ ಸಾಫ್ಟ್‌ವೇರ್ ಬಳಸುತ್ತೇನೆ. ಲ್ಯಾಪ್‌ಟಾಪ್ ಪರದೆಯನ್ನು ಪ್ರೊಜೆಕ್ಟರ್‌ನಷ್ಟೇ, ಅಂದರೆ ನನ್ನದಾದರೆ 1280×800ಕ್ಕೆ ಇಳಿಸಿಬಿಡಿ. ಸುಮ್ನೆ ಫುಲ್ ಎಚ್‌ಡಿ ಕಳಿಸಿ ಏನೂ ಲಾಭವಿಲ್ಲ. ಸೌಂಡನ್ನು ಲ್ಯಾಪ್‌ಟಾಪ್‌ನಿಂದ ನೇರ ಮಿಕ್ಸರ್‌ಗೆ ಕೊಟ್ಟರೆ ಮಾತು ಮೊದಲು ಬರುತ್ತದೆ, ತುಟಿ ಆಮೇಲೆ ಆಡುತ್ತದೆ. ಅದಕ್ಕೇ ಪ್ರೊಜೆಕ್ಟರ್‌ನ ಆಡಿಯೋ ಔಟ್‌ನಿಂದ ತೆಗೆಯುತ್ತೇನೆ. ಕೆಲವು ಒಟಿಟಿ ಆಪ್‌ಗಳ ವಿಡಿಯೋ ಕಾಪಿ ತಡೆಯಿಂದಾಗಿ ಕಪ್ಪಾಗಿಯೇ ಬರುತ್ತದೆ. ಗಿರಾಕಿಗೆ ಮೊದಲೇ ಹೇಳಿ.

ಈ ಕೆಲಸಕ್ಕೆ ಈಗ ಮಾಮೂಲಿಗಿಂತ ಎಂಟುನೂರು ಜಾಸ್ತಿ ಕೇಳುತ್ತೇನೆ, ಚೌಕಾಸಿ ಇಲ್ಲದೆ ಕೊಡುತ್ತಾರೆ. ಒಂದೇ ಲ್ಯಾಪ್‌ಟಾಪ್‌ನಿಂದ ಎರಡು ಪ್ರೊಜೆಕ್ಟರ್‌ಗೆ ಕಳಿಸಿಯೂ ನೋಡಿದ್ದೇನೆ. ಫೋಟೋಗಳು ಎರಡರಲ್ಲೂ ಸಲೀಸಾಗಿ ಬಂದವು, ವಿಡಿಯೋ ಮಾತ್ರ ಕುಂಟಿತು. ಎರಡನೆಯದಕ್ಕೂ ಉದ್ದನೆಯ ಲ್ಯಾನ್ ಎಳೆದು ನೋಡಬೇಕು.