ಕ್ರಿಪ್ಟೊ ಕೊಳ್ಳುವ ಮುನ್ನ ದ್ರಾಕ್ಷಿ ಮಾಗಿದೆಯೇ ನೋಡಿ

ದ್ರಾಕ್ಷಿ ಕಪ್ಪಾಗುವವರೆಗೆ ಮಾರಬಾರದೆಂದು ಪ್ರವಾದಿ ಮುಹಮ್ಮದರು ತಡೆದರು ಎನ್ನುತ್ತದೆ ಹದೀಸ್, ಅಂದರೆ ಅವರ ಮಾತು-ನಡೆಗಳ ದಾಖಲೆ. ನಮ್ಮ ವಿಜಯಪುರ ಜಿಲ್ಲೆಯ ತಿಕೋಟಾದ ಬೆಳೆಗಾರನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಒಣದ್ರಾಕ್ಷಿಯ ಹಣ್ಣು ಕಪ್ಪಾಗುವುದಿಲ್ಲ, ಆದರೆ ಕಾಯಿ ಹೀಚಾಗಿರುವಾಗಲೇ ಫಸಲು ಮಾರಿಬಿಟ್ಟು, ಆಮೇಲೆ ಆಲಿಕಲ್ಲು ಬಿದ್ದರೆ ನಷ್ಟ ಯಾರದೆಂಬ ಜಗಳ ಅವನಿಗೆ ಗೊತ್ತು. ಕೊಡುವುದೇನು, ಸಿಗುವುದೇನು ಎಂದು ತಿಳಿಯದ ಈ ಸ್ಥಿತಿಗೆ ಷರೀಅತ್, ಅಂದರೆ ಇಸ್ಲಾಮಿ ಧರ್ಮಶಾಸ್ತ್ರ, ಇಟ್ಟ ಹೆಸರು ಘರರ್. ವಿಜಯಪುರದ ಹುಡುಗರು ಮೊಬೈಲಿನಲ್ಲಿ ಬಿಟ್‌ಕಾಯಿನ್ ಎಂಬ ಕ್ರಿಪ್ಟೊ, ಅಂದರೆ ಡಿಜಿಟಲ್ ನಾಣ್ಯ, ತೋರಿಸಿ “ಚಾಚಾ, ಇದು ಹಲಾಲೇ?” ಎಂದಾಗ ನಾನು ದ್ರಾಕ್ಷಿಯಿಂದಲೇ ಶುರು ಮಾಡುತ್ತೇನೆ.

ಮೊದಲು ಮುಫ್ತಿಯೊಬ್ಬರನ್ನು, ಅಂದರೆ ಧಾರ್ಮಿಕ ತೀರ್ಪು ಹೇಳುವ ವಿದ್ವಾಂಸರನ್ನು, ಕಾಣಿ. ಉಲಮಾಗಳಲ್ಲಿ, ಅಂದರೆ ಧರ್ಮ ವಿದ್ವಾಂಸರಲ್ಲಿ, ಒಮ್ಮತವಿಲ್ಲ. ಈಜಿಪ್ಟಿನ ಮಹಾ ಮುಫ್ತಿ 2018ರಲ್ಲಿ ಬಿಟ್‌ಕಾಯಿನ್ ವ್ಯವಹಾರ ನಿಷಿದ್ಧ ಎಂದರು. ಮಲೇಷ್ಯಾದ ಷೇರುಪೇಟೆ ನಿಯಂತ್ರಕರ ಷರೀಅತ್ ಮಂಡಳಿ 2020ರಲ್ಲಿ ನೋಂದಾಯಿತ ವಿನಿಮಯ ಕೇಂದ್ರಗಳಲ್ಲಿ ಇದನ್ನು ಕೊಳ್ಳಬಹುದು ಎಂದಿತು. ಇಂಡೊನೇಷ್ಯಾದ ಉಲಮಾ ಮಂಡಳಿ 2021ರಲ್ಲಿ ಇದನ್ನು ಹಣವಾಗಿ ಬಳಸುವುದು ಹರಾಮ್ ಎಂದಿತು. ಹಾಗಾಗಿ “ಕ್ರಿಪ್ಟೊ ಹಲಾಲೇ?” ಎಂದಷ್ಟೇ ಕೇಳಿದರೆ ಸಾಲದು. ಯಾವ ಟೋಕನ್ (ಯಾವ ಕ್ರಿಪ್ಟೊ ನಾಣ್ಯ), ಅದರ ಉಪಯೋಗವೇನು, ಹೇಗೆ ಕೊಳ್ಳುತ್ತೀರಿ ಎಂಬುದನ್ನೆಲ್ಲ ಮುಫ್ತಿಯ ಮುಂದಿಡಿ.

ಅವರು ಒಪ್ಪಿದರೆ, ಇನ್ನು ಕೊಳ್ಳುವ ರೀತಿ. ಹೆಚ್ಚಿನವರು ಎಡವುವುದು ಇಲ್ಲಿಯೇ. ನಮ್ಮ ಬಾಯಲ್ಲಿ ದಿನವೂ ಓಡಾಡುವ ‘ಸರಾಫ’ ಎಂಬ ಪದ ಅರಬ್ಬಿಯ ‘ಸರ್ಫ್’ನಿಂದ ಬಂದದ್ದು. ಸರ್ಫ್ ಎಂದರೆ ಹಣಕ್ಕೆ ಹಣ ಬದಲಾಯಿಸುವುದು, ಅದರ ಕಟ್ಟಳೆ ‘ಕೈಯಿಂದ ಕೈಗೆ’, ಅಂದರೆ ಕೊಡುವುದೂ ಪಡೆಯುವುದೂ ಆಗಲೇ ಮುಗಿಯಬೇಕು. ಆದ್ದರಿಂದ ಸ್ಪಾಟ್ ವ್ಯವಹಾರದಲ್ಲಿ, ಅಂದರೆ ಹಣ ಕೊಟ್ಟ ಕೂಡಲೇ ನಾಣ್ಯ ಸಿಗುವ ಖರೀದಿಯಲ್ಲಿ, ನಿಮ್ಮದೇ ಹಣದಲ್ಲಿ, ಪೂರ್ತಿ ಬೆಲೆ ಕೊಟ್ಟು ಕೊಳ್ಳಿ. ಕೊಂಡದ್ದರಲ್ಲಿ ಸ್ವಲ್ಪವನ್ನು ನಿಮ್ಮ ಸ್ವಂತ ವಾಲೆಟ್‌ಗೆ, ಅಂದರೆ ನಾಣ್ಯ ಇಟ್ಟುಕೊಳ್ಳುವ ನಿಮ್ಮದೇ ಡಿಜಿಟಲ್ ಚೀಲಕ್ಕೆ, ಕಳುಹಿಸಿ ನೋಡಿ. ಪರದೆಯ ಮೇಲೆ 0.001 ಬಿಟ್‌ಕಾಯಿನ್ ಎಂದು ಕಂಡರೂ ಹೊರಗೆ ಕಳುಹಿಸಲು ಬಿಡದಿದ್ದರೆ ನಿಮ್ಮ ಕೈಗೆ ಬಂದದ್ದು ಬರೀ ಅಂಕಿ.

ಫ್ಯೂಚರ್ಸ್ (ಮುಂದಿನ ಬೆಲೆಯ ಮೇಲೆ ಕಟ್ಟುವ ಒಪ್ಪಂದ), ಮಾರ್ಜಿನ್ (ಸಾಲದ ಹಣದಲ್ಲಿ ಕೊಳ್ಳುವುದು) ಮುಟ್ಟಲೇಬೇಡಿ. ‘10ಎಕ್ಸ್’ ಎಂಬ ಗುಂಡಿ ಒತ್ತಿದರೆ 10 ಸಾವಿರ ರೂಪಾಯಿ ಇಟ್ಟು ಒಂದು ಲಕ್ಷದ ಪಣ ಕಟ್ಟಿದಂತೆ. ಬೆಲೆ ಶೇ 10ರಷ್ಟು ಜಾರಿದರೆ ಅಸಲೇ ಇಲ್ಲ. ಇದು ಮೈಸಿರ್, ಅಂದರೆ ಜೂಜು. ಕ್ರಿಪ್ಟೊ ನಾಣ್ಯ ಸಾಲ ಕೊಟ್ಟರೆ ವರ್ಷಕ್ಕೆ ಇಂತಿಷ್ಟು ಶೇಕಡಾ ಎನ್ನುವ ಯೋಜನೆ ರಿಬಾ, ಬಡ್ಡಿಯೇ. ಹೆಸರು ಬದಲಾದ ಮಾತ್ರಕ್ಕೆ ಅದು ಬೇರೆಯಾಗುವುದಿಲ್ಲ.

ಕೊಂಡಿಟ್ಟುಕೊಂಡವರು ಝಕಾತ್, ಅಂದರೆ ಉಳ್ಳವರು ವರ್ಷಕ್ಕೊಮ್ಮೆ ಕೊಡಲೇಬೇಕಾದ ದಾನ, ಮರೆಯಬಾರದು. ಹಿಜರಿ (ಇಸ್ಲಾಮಿ ಚಾಂದ್ರಮಾನ) ವರ್ಷದ ಒಂದು ದಿನ ಗೊತ್ತು ಮಾಡಿಕೊಳ್ಳಿ. ಆ ದಿನ 52.5 ತೊಲೆ, ಅಂದರೆ 612.36 ಗ್ರಾಂ ಬೆಳ್ಳಿಯ ಬೆಲೆಯನ್ನು ಸರಾಫರಲ್ಲಿ ವಿಚಾರಿಸಿ. ಅದೇ ನಿಸಾಬ್, ಅಂದರೆ ಝಕಾತ್ ಕೊಡಬೇಕಾಗುವ ಕನಿಷ್ಠ ಮಿತಿ. ನಾಣ್ಯಕ್ಕೆ ಕೊಂಡ ಬೆಲೆಯಲ್ಲ, ಆ ದಿನದ ಬೆಲೆ ಹಿಡಿಯಿರಿ. ಕ್ರಿಪ್ಟೊ 2,40,000 ರೂಪಾಯಿ, ಉಳಿತಾಯ 80,000, ತೀರಿಸಬೇಕಾದ ಸಾಲ 20,000 ಎನ್ನಿ. ಉಳಿದದ್ದು 3,00,000. ಇದು ನಿಸಾಬ್ ದಾಟಿದ್ದರೆ ಶೇ 2.5ರಂತೆ ಝಕಾತ್ 7,500 ರೂಪಾಯಿ. ಇದಕ್ಕಾಗಿ ನಾಣ್ಯ ಮಾರಬೇಕಿಲ್ಲ, ರೂಪಾಯಿಯಲ್ಲೇ ಕೊಡಬಹುದು. ಮಾರಿದರೆ ಲಾಭದ ಮೇಲೆ ಶೇ 30ರಷ್ಟು ಆದಾಯ ತೆರಿಗೆ ಬೀಳುತ್ತದೆ, ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲೂ ಬಿಡುವುದಿಲ್ಲ. ಕೊಂಡ ದಿನ, ಕೊಟ್ಟ ಬೆಲೆ, ಝಕಾತ್ ಕೊಟ್ಟ ದಿನ ಮೂರನ್ನೂ ಒಂದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ.