ಆರೋಗ್ಯ ಸೇವೆಯ ಲೆಕ್ಕವನ್ನು ಚುನಾಯಿತರಿಂದ ಕೇಳುವ ಬಗೆ

ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಸಿಗದೆ ಮರಳುವವರ ಸಿಟ್ಟೆಲ್ಲ ಎದುರಿಗಿರುವ ದಾದಿಯ ಮೇಲೆ ಹರಿಯುತ್ತದೆ. ಆದರೆ ಔಷಧಕ್ಕೆ ಎಷ್ಟು ಹಣ ಕೊಡಬೇಕು, ಖಾಲಿ ಹುದ್ದೆಗಳನ್ನು ಯಾವಾಗ ತುಂಬಬೇಕು ಎಂದು ತೀರ್ಮಾನಿಸುವವರು ಆ ಕೊಠಡಿಯಲ್ಲಿ ಇರುವುದಿಲ್ಲ. ಹಾಗಾಗಿ ಮೊದಲು ಕೊರತೆಯ ಮೂಲ ಯಾರ ತೀರ್ಮಾನದಲ್ಲಿದೆ ಎಂಬುದನ್ನು ಗುರುತಿಸಿಕೊಳ್ಳಿ. ವೈದ್ಯರು ಕರ್ತವ್ಯಕ್ಕೆ ಬಾರದಿದ್ದರೆ ಅದನ್ನು ಮೇಲಧಿಕಾರಿ ಸರಿಪಡಿಸಬಹುದು. ವೈದ್ಯರ ಹುದ್ದೆಯೇ ವರ್ಷಗಟ್ಟಲೆ ಖಾಲಿ ಇದ್ದರೆ ಅದಕ್ಕೆ ಸಚಿವರೇ ಉತ್ತರ ಹೇಳಬೇಕು. ಎರಡನ್ನೂ ಒಂದೇ ದೂರಿನಲ್ಲಿ ಕಲಸಿದರೆ ಸುಲಭವಾದದ್ದಕ್ಕೆ ಮಾತ್ರ ಉತ್ತರ ಬರುತ್ತದೆ.

ಅನಂತರ ಪುರಾವೆ ಕೂಡಿಸಿ. ಯಾವ ದಿನ ಯಾವ ಔಷಧ ಇರಲಿಲ್ಲ, ಎಷ್ಟು ಹೊತ್ತು ಕಾಯಬೇಕಾಯಿತು ಎಂಬುದನ್ನು ಹಲವರು ಸೇರಿ ಒಂದು ತಿಂಗಳು ಬರೆದಿಡಿ. ರೋಗಿಗಳ ಹೆಸರು ಬೇಡ.

ಹೆಚ್ಚು ಶ್ರಮ ಸಲ್ಲಬೇಕಾದದ್ದು ಬಜೆಟ್ಟಿಗೆ. ಆಯವ್ಯಯ ಭಾಷಣದಲ್ಲಿ ಘೋಷಿಸಿದ ಮೊತ್ತ, ವರ್ಷದ ನಡುವೆ ಪರಿಷ್ಕರಿಸಿದ ಮೊತ್ತ, ನಿಜವಾಗಿ ಬಿಡುಗಡೆಯಾದದ್ದು ಮತ್ತು ಕೊನೆಗೆ ಖರ್ಚಾದದ್ದು ಈ ನಾಲ್ಕೂ ಬೇರೆ ಬೇರೆಯಾಗಿರಬಹುದು. ಹಣ ಘೋಷಣೆಯಾಗಿಯೂ ಬಿಡುಗಡೆಯಾಗದಿದ್ದರೆ ಹಣಕಾಸು ಖಾತೆಯನ್ನು ಕೇಳಬೇಕು. ಬಿಡುಗಡೆಯಾಗಿಯೂ ಖರ್ಚಾಗದಿದ್ದರೆ ಆರೋಗ್ಯ ಖಾತೆಯನ್ನು ಕೇಳಬೇಕು. ಲೆಕ್ಕಪರಿಶೋಧನಾ ವರದಿಗಳಲ್ಲಿ ಈ ವ್ಯತ್ಯಾಸ ಅನೇಕ ವೇಳೆ ಸ್ಪಷ್ಟವಾಗಿಯೇ ದಾಖಲಾಗಿರುತ್ತದೆ, ಓದುವವರು ಕಡಿಮೆ ಅಷ್ಟೆ.

ಪ್ರಶ್ನೆಯನ್ನು ನಿಮ್ಮ ಚುನಾಯಿತ ಪ್ರತಿನಿಧಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. "ಸೇವೆ ಸುಧಾರಿಸಿ" ಎಂಬ ಬೇಡಿಕೆಗೆ "ಸುಧಾರಿಸುತ್ತೇವೆ" ಎಂಬುದಕ್ಕಿಂತ ಹೆಚ್ಚಿನ ಉತ್ತರ ಬರಲಾರದು. ಎಷ್ಟು, ಯಾವ ದಿನಾಂಕದೊಳಗೆ ಎಂದು ಕೇಳಿ. 2001ರಲ್ಲಿ ನೈಜೀರಿಯಾದ ರಾಜಧಾನಿ ಅಬುಜಾದಲ್ಲಿ ಸೇರಿದ ಆಫ್ರಿಕಾದ ರಾಷ್ಟ್ರನಾಯಕರು ವಾರ್ಷಿಕ ಬಜೆಟ್ಟಿನ ಕನಿಷ್ಠ ಶೇ. 15ರಷ್ಟನ್ನು ಆರೋಗ್ಯಕ್ಕೆ ಮೀಸಲಿಡುವುದಾಗಿ ಮಾತು ಕೊಟ್ಟರು. ಬಹುತೇಕ ದೇಶಗಳು ಆ ಮಟ್ಟ ಮುಟ್ಟಿಲ್ಲ. ಆದರೂ ಆ ಮಾತಿನಲ್ಲಿ ಒಂದು ಸಂಖ್ಯೆ ಇದ್ದುದರಿಂದಲೇ ಅಲ್ಲಿನ ಜನ ಇಂದಿಗೂ ತಮ್ಮ ಸರ್ಕಾರಗಳನ್ನು ಅದರಿಂದ ಅಳೆಯುತ್ತಾರೆ.

ಸ್ಥಳೀಯ ಸಭೆಗಳಷ್ಟೇ ಸಾಕೆಂದು ನಾನು ನಂಬುವುದಿಲ್ಲ. ಉಗಾಂಡಾದ 50 ಆರೋಗ್ಯ ಕೇಂದ್ರಗಳನ್ನು ಒಳಗೊಂಡು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗ್ರಾಮಸ್ಥರೂ ಸಿಬ್ಬಂದಿಯೂ ಒಟ್ಟಿಗೆ ಕುಳಿತು ಸೇವೆಯನ್ನು ಪರಿಶೀಲಿಸಿದ ಕಡೆ ಮಕ್ಕಳ ಮರಣ ಗಣನೀಯವಾಗಿ ಇಳಿದಿತ್ತು. ಮುಂದೆ ಅದೇ ದೇಶದಲ್ಲಿ ಇನ್ನೂ ಹೆಚ್ಚು ಕೇಂದ್ರಗಳಲ್ಲಿ ನಡೆದ ಪ್ರಯೋಗದಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಸಿಬ್ಬಂದಿಯ ಕೈಯಲ್ಲಿಲ್ಲದ್ದನ್ನು ಅವರಿಂದ ಎಷ್ಟು ಒತ್ತಾಯಿಸಿದರೂ ಪಡೆಯಲಾಗದು ಎಂಬುದೇ ನನ್ನ ಅಭಿಪ್ರಾಯ. ಒತ್ತಡ ಮೇಲಕ್ಕೆ ಮುಟ್ಟಬೇಕು.

ಉತ್ತರ ಬಾರದಿದ್ದರೆ ವಿರೋಧ ಪಕ್ಷದ ಸದಸ್ಯರ ಮೂಲಕ ಶಾಸನಸಭೆಯಲ್ಲಿ ಅದೇ ಪ್ರಶ್ನೆ ಎತ್ತಿಸಿ, ಪತ್ರಿಕೆಗಳಿಗೂ ಪ್ರತಿ ಕೊಡಿ. ನ್ಯಾಯಾಲಯದ ದಾರಿ ದೀರ್ಘವಾದದ್ದು, ಆದರೆ ಅದು ವ್ಯರ್ಥವಲ್ಲ: ತಾಯಿಯಿಂದ ಮಗುವಿಗೆ ಎಚ್‌ಐವಿ ಹರಡದಂತೆ ತಡೆಯುವ ನೆವಿರಾಪಿನ್ ಔಷಧವನ್ನು ದಕ್ಷಿಣ ಆಫ್ರಿಕಾ ಸರ್ಕಾರ ಕೆಲವೇ ಆಸ್ಪತ್ರೆಗಳಿಗೆ ಸೀಮಿತಗೊಳಿಸಿದ್ದಾಗ, ಚಳವಳಿಗಾರರು ಹೂಡಿದ ದಾವೆಯಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ 2002ರಲ್ಲಿ ಆ ನಿರ್ಬಂಧವನ್ನು ತೆಗೆದುಹಾಕುವಂತೆ ಆದೇಶಿಸಿತು.

ಭರವಸೆ ದೊರೆತರೆ ಅದನ್ನು ದಿನಾಂಕದೊಡನೆ ಎಲ್ಲರಿಗೂ ಕಾಣುವಂತೆ ಪ್ರಕಟಿಸಿ. ಆ ದಿನ ಬಂದಾಗ ಅದೇ ಆಸ್ಪತ್ರೆಗೆ ಹೋಗಿ ಔಷಧ ದಾಸ್ತಾನು ನೋಡಿ, ಕಂಡದ್ದನ್ನು ಮುಂದಿನ ಬಜೆಟ್ಟಿಗೆ ಮುನ್ನವೇ ಅದೇ ಪ್ರತಿನಿಧಿಗೆ ಬರೆದು ಕಳಿಸಿ.