ವಿಧಾನಸೌಧದಿಂದ ಕಸ್ತೂರಬಾ ರಸ್ತೆಯವರೆಗೆ: ಒಂದು ದಿನದ ವೀಕ್ಷಣೆ ಹೇಗೆ?

ಬೆಂಗಳೂರಿನ ಸರ್ಕಾರಿ ಕಟ್ಟಡಗಳನ್ನೂ ವಸ್ತುಸಂಗ್ರಹಾಲಯಗಳನ್ನೂ ಒಂದೇ ದಿನದಲ್ಲಿ ನೋಡಬಯಸುವವರು ಮೊದಲು ವಾರದ ಯಾವ ದಿನ ಹೋಗಬೇಕೆಂಬುದನ್ನು ನಿಶ್ಚಯಿಸಿಕೊಳ್ಳಬೇಕು. ವಿಧಾನಸೌಧದ ಒಳಭಾಗವನ್ನು ಸಾರ್ವಜನಿಕರಿಗೆ ತೋರಿಸುವ ವ್ಯವಸ್ಥೆ 2025ರ ಜೂನ್‌ನಲ್ಲಿ ಆರಂಭವಾದಾಗ ಅದನ್ನು ಭಾನುವಾರಗಳಿಗೂ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳಿಗೂ ಸೀಮಿತಗೊಳಿಸಲಾಯಿತು. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೋಮವಾರ ರಜೆ. ಹಾಗಾಗಿ ಭಾನುವಾರವೇ ಅನುಕೂಲ.

ವಿಧಾನಸೌಧದ ಟಿಕೆಟನ್ನು ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಜಾಲತಾಣದಲ್ಲಿ ಮುಂಗಡವಾಗಿ ಕಾಯ್ದಿರಿಸಬೇಕು. ವಯಸ್ಕರಿಗೆ ಆರಂಭದಲ್ಲಿ ನಿಗದಿಯಾದ ಶುಲ್ಕ 50 ರೂಪಾಯಿ. ಸುಮಾರು 30 ಜನರ ತಂಡಗಳಲ್ಲಿ, ಮಾರ್ಗದರ್ಶಕರೊಡನೆ ಒಂದೂವರೆ ಗಂಟೆ ನಡೆಯಬೇಕಾಗುತ್ತದೆ. ಆಧಾರ್‌ನಂತಹ ಗುರುತಿನ ಚೀಟಿಯನ್ನು ಮರೆಯದೆ ಇಟ್ಟುಕೊಳ್ಳಿ. ತಿಂಡಿಯ ಪೊಟ್ಟಣಗಳನ್ನು ಮನೆಯಲ್ಲೇ ಬಿಡಿ. ನೇರಳೆ ಮಾರ್ಗದ ಮೆಟ್ರೊದಲ್ಲಿ ಬಂದರೆ ವಾಹನ ನಿಲುಗಡೆಯ ಚಿಂತೆಯಿಲ್ಲ. ಕಟ್ಟಡದ ಮುಖ ಪೂರ್ವಕ್ಕಿರುವುದರಿಂದ ಬೆಳಗಿನ ತಂಡವನ್ನೇ ಆರಿಸಿಕೊಂಡರೆ ಚಿತ್ರಗಳೂ ಚೆನ್ನಾಗಿ ಬರುತ್ತವೆ.

1951ರಲ್ಲಿ ನೆಹರೂ ಶಂಕುಸ್ಥಾಪನೆ ಮಾಡಿದ ಈ ಸೌಧ 1956ರಲ್ಲಿ ಪೂರ್ಣಗೊಂಡಿತು. ಅದರ ದ್ರಾವಿಡ ಶೈಲಿಯ ಭವ್ಯತೆಯ ಹಿಂದೆ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರ ಹಟವಿತ್ತು, ಮುಖ್ಯ ವಾಸ್ತುಶಿಲ್ಪಿ ಬಿ.ಆರ್. ಮಾಣಿಕ್ಯಂ ಅವರ ಕೈಚಳಕವಿತ್ತು. ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಬರಹವನ್ನು ಎಲ್ಲರೂ ಗಮನಿಸುತ್ತಾರೆ (ಕಚೇರಿಗಳಿಗೆ ಅಲೆದವರು ಅದನ್ನು ಓದಿ ನಗುವುದೂ ಉಂಟು).

ಎದುರಿನ ಕೆಂಪು ಕಟ್ಟಡ ಅಠಾರಾ ಕಚೇರಿ, ಅಂದರೆ ಇಂದಿನ ಹೈಕೋರ್ಟ್. ಅದನ್ನು ಹೊರಗಿನಿಂದ ನೋಡಿದರೆ ಸಾಕು. ಅಲ್ಲಿಂದ ಕಬ್ಬನ್ ಉದ್ಯಾನದ ನೆರಳಲ್ಲಿ ನಡೆದು ಕಸ್ತೂರಬಾ ರಸ್ತೆ ಸೇರಬಹುದು.

1865ರಲ್ಲಿ ಸ್ಥಾಪನೆಯಾಗಿ 1877ರಲ್ಲಿ ಈಗಿನ ಕಟ್ಟಡಕ್ಕೆ ಬಂದ ಸರ್ಕಾರಿ ವಸ್ತುಸಂಗ್ರಹಾಲಯವು ಈ ದಿನದ ಹೆಚ್ಚಿನ ಸಮಯಕ್ಕೆ ಅರ್ಹವಾದದ್ದು ಎಂಬುದು ನನ್ನ ಅಭಿಪ್ರಾಯ. ದುರಸ್ತಿ ಕಾರ್ಯಕ್ಕಾಗಿ ಮುಚ್ಚಿಲ್ಲವೆಂಬುದನ್ನು ವಿಚಾರಿಸಿಕೊಂಡೇ ಹೊರಡಿ. ಎಲ್ಲವನ್ನೂ ನೋಡಿಮುಗಿಸುವ ಆತುರಕ್ಕೆ ಬೀಳದೆ, ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದಿರುವ ಹತ್ತನೆಯ ಶತಮಾನದ ಶಾಸನದ ಮುಂದೆ ಸಾವಧಾನವಾಗಿ ನಿಲ್ಲಿ. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಇಮ್ಮಡಿ ಬೂತುಗನೂ ಚೋಳರನ್ನು ತಕ್ಕೋಲದಲ್ಲಿ ಸೋಲಿಸಿದ ಸಂಗತಿಯನ್ನು ಹೇಳುವ ಆ ಕಲ್ಲು, ಮಣಲೆರನೆಂಬ ಯೋಧನ ಬೇಟೆನಾಯಿ ಕಾಳಿ ಹಂದಿಯೊಡನೆ ಹೋರಾಡಿ ಸತ್ತದ್ದನ್ನೂ ದಾಖಲಿಸುತ್ತದೆ. ಮೊದಲು ನಾಯಿ ಮತ್ತು ಹಂದಿಯ ಕೆತ್ತನೆಯನ್ನು ಗುರುತಿಸಿಕೊಂಡು, ಬಳಿಕ ಸುತ್ತಲಿನ ಹಳಗನ್ನಡ ಅಕ್ಷರಗಳತ್ತ ಕಣ್ಣುಹಾಯಿಸಿದರೆ ಮಕ್ಕಳಿಗೂ ಕುತೂಹಲ ಹುಟ್ಟುತ್ತದೆ.

ಪಕ್ಕದ ವೆಂಕಟಪ್ಪ ಚಿತ್ರಶಾಲೆಗೆ ಅರ್ಧ ಗಂಟೆ ಮೀಸಲಿಡಿ. ಅದೇ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಮಾತ್ರ ಅಷ್ಟು ಸಮಯ ಸಾಲದು. ಯಂತ್ರಗಳ ಗುಂಡಿ ಒತ್ತಲು ಸಿಕ್ಕ ಮಕ್ಕಳು ಅಲ್ಲಿಂದ ಬೇಗ ಹೊರಬರುವುದಿಲ್ಲ. ಅದು ಸೋಮವಾರವೂ ತೆರೆದಿರುವುದರಿಂದ ಬೇರೊಂದು ದಿನಕ್ಕೆ ಉಳಿಸಿಕೊಳ್ಳುವುದು ಒಳ್ಳೆಯದು.